ಬಯಲುಸೀಮೆಯ ಮನೆಗೆ ಕಡಲಿನ ಉಪ್ಪು

ಉಪ್ಪು ಎಂದೊಡನೆ ನಮಗೆ ನೆನಪಾಗುವುದು ಅಡುಗೆಮನೆಯ ಭರಣಿ. ಕಡಲು ಎಂದೊಡನೆ ನಾಲಗೆಗೆ ನೆನಪಾಗುವುದೂ ಉಪ್ಪೇ. ಭರಣಿಯ ಉಪ್ಪೂ ಕಡಲಿನ ಉಪ್ಪೂ ಒಂದೇ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಒಳನಾಡಿನ ಊರುಗಳಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಕಡಲಿನ ಮೀನನ್ನು ಸಾಕಬೇಕೆಂಬ ಹವ್ಯಾಸವುಳ್ಳವರು ಮೊಟ್ಟಮೊದಲು ಬಿಡಬೇಕಾದದ್ದು ಈ ನಂಬಿಕೆಯನ್ನು. ಇಲ್ಲಿ ಲೆಕ್ಕ ತಪ್ಪಿದರೆ ಹಣ ಹೋಗುತ್ತದೆ ಎಂಬುದು ಸಣ್ಣ ಮಾತು. ನಮ್ಮನ್ನು ನಂಬಿ ಬಂದ ಜೀವವೊಂದು ಹೋಗುತ್ತದೆ ಎಂಬುದೇ ದೊಡ್ಡ ಮಾತು.

ಈ ಸೀಮೆಗೆ ನೀರಿನ ನಂಟಿಲ್ಲವೆಂದಲ್ಲ. ಕುಣಿಗಲ್ ಕೆರೆ ಜನಪದ ಹಾಡಿನೊಳಗೆ ಸೇರಿ ನಾಡಿಗೆಲ್ಲ ಪರಿಚಿತವಾಗಿದೆ. ಹೇಮಾವತಿಯ ನಾಲೆಯ ನೀರು ಬುಗುಡನಹಳ್ಳಿಯಲ್ಲಿ ನಿಂತು ತುಮಕೂರಿನ ನಲ್ಲಿಗಳಿಗೆ ಬರುತ್ತದೆ. ಆದರೆ ಇವೆಲ್ಲ ಸಿಹಿನೀರು. ಕಡಲು ಬೇಕೆಂದರೆ ಕುಣಿಗಲ್ಲಿನ ಮೇಲೆ ಹಾದುಹೋಗುವ ಹೆದ್ದಾರಿಯನ್ನು ಹಿಡಿದು, ಹಾಸನ, ಸಕಲೇಶಪುರಗಳನ್ನು ದಾಟಿ, ಶಿರಾಡಿ ಘಾಟಿಯನ್ನು ಇಳಿದು, ಸುಮಾರು 280 ಕಿಲೋಮೀಟರು ಸಾಗಿ ಮಂಗಳೂರನ್ನು ಮುಟ್ಟಬೇಕು.

ಅಲ್ಲಿಂದ ಕ್ಯಾನುಗಳಲ್ಲಿ ಕಡಲ ನೀರನ್ನೇ ತುಂಬಿ ತರಬಾರದೆ ಎಂದು ಕೇಳಬಹುದು. ತರಬಹುದು, ಆದರೆ ದಡದ ನೀರು ನಡುಗಡಲಿನ ನೀರಲ್ಲ. ಮಂಗಳೂರಿನ ಬಳಿ ನೇತ್ರಾವತಿಯೂ ಗುರುಪುರ ನದಿಯೂ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ಅವು ತರುವ ಕೆಂಪು ನೀರು ದಡದ ಉಪ್ಪಿನಂಶವನ್ನು ತೆಳುವಾಗಿಸುತ್ತದೆ, ಊರಿನ ಕೊಳೆಯನ್ನೂ ಜೊತೆಗೆ ಕೂಡಿಸುತ್ತದೆ. ಅಲ್ಲದೆ ಕಡಲ ನೀರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಮುಚ್ಚಿದ ಕ್ಯಾನಿನಲ್ಲಿ ಅವು ಸತ್ತು ಕೊಳೆತರೆ ಆ ನೀರು ಮನೆ ಸೇರುವ ವೇಳೆಗೆ ಕೆಟ್ಟಿರುತ್ತದೆ. ಆದ್ದರಿಂದ ಒಣಗಿದ ಲವಣದ ಮಿಶ್ರಣವನ್ನು ಕೊಂಡು, ಮನೆಯಲ್ಲೇ ಶುದ್ಧವಾದ ನೀರಿಗೆ ಬೆರೆಸಿ, ಬೇಕಾದಷ್ಟು ಕಡಲನ್ನು ತಯಾರಿಸಿಕೊಳ್ಳುವುದೇ ಒಳನಾಡಿನವರಿಗೆ ಉಳಿದ ದಾರಿ.

ಆ ಮಿಶ್ರಣದಲ್ಲಿ ಇರಬೇಕಾದದ್ದು ಏನು? ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅವುಗಳಲ್ಲಿ ಕ್ಲೋರೈಡು 19 ಗ್ರಾಮಿಗಿಂತ ತುಸು ಹೆಚ್ಚು. ಸೋಡಿಯಂ ಹನ್ನೊಂದಕ್ಕೆ ತುಸು ಕಡಿಮೆ. ಇವೆರಡೂ ಕೂಡಿದರೆ ನಮ್ಮ ಅಡುಗೆಯ ಉಪ್ಪು. ಉಳಿದದ್ದರಲ್ಲಿ ಸಲ್ಫೇಟು 2.7 ಗ್ರಾಂ, ಮೆಗ್ನೀಸಿಯಂ 1.3 ಗ್ರಾಂ, ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ತಲಾ 0.4 ಗ್ರಾಮಿನ ಸುಮಾರು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಈ ಆರರಲ್ಲೇ ಮುಗಿಯಿತು. ಬೈಕಾರ್ಬೊನೇಟು, ಬ್ರೋಮೈಡು, ಬೋರಾನ್, ಸ್ಟ್ರಾನ್ಷಿಯಂ ಮೊದಲಾದವು ಉಳಿದ ಒಂದು ಪಾಲಿಗಿಂತಲೂ ಕಡಿಮೆ.

ಈ ಲೆಕ್ಕದಲ್ಲಿ ಒಂದು ಸೋಜಿಗವುಂಟು. ಸಮುದ್ರದಿಂದ ಸಮುದ್ರಕ್ಕೆ ಉಪ್ಪಿನ ಒಟ್ಟು ಪ್ರಮಾಣ ಹೆಚ್ಚುಕಡಿಮೆಯಾಗಬಹುದು. ಲವಣ ಲವಣಗಳ ನಡುವಣ ಪಾಲು ಮಾತ್ರ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ. 1819ರಲ್ಲಿ ಅಲೆಗ್ಸಾಂಡರ್ ಮಾರ್ಸೆಟ್ ಎಂಬ ರಸಾಯನಜ್ಞ ಇದನ್ನು ಸೂಚಿಸಿದ. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ ನೀರಿನ 77 ಮಾದರಿಗಳನ್ನು ವಿಶ್ಲೇಷಿಸಿ ವಿಲಿಯಂ ಡಿಟ್ಮಾರ್ 1884ರಲ್ಲಿ ಇದನ್ನು ಸ್ಥಿರಪಡಿಸಿದ. ನಮ್ಮ ಮನೆಯ ಸಾರಿನ ಪುಡಿಯಂತೆ ಎಂದರೆ ತಿಳಿದೀತು: ಸಾರು ತೆಳುವಾಗಬಹುದು, ಗಟ್ಟಿಯಾಗಬಹುದು, ಪುಡಿಯೊಳಗಿನ ಕೊತ್ತಂಬರಿ, ಮೆಣಸು, ಮೆಂತ್ಯಗಳ ಪಾಲು ಬದಲಾಗುವುದಿಲ್ಲ.

ಹಾಗಾದರೆ ಕಡಲಿನಿಂದಲೇ ತೆಗೆದ ಹರಳುಪ್ಪು ಸಾಲದೆ? ಈ ಪ್ರಶ್ನೆಗೆ ಉತ್ತರ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಸಾಣಿಕಟ್ಟೆಯಲ್ಲಿದೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಅಲ್ಲಿನ ಆಗರಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸುತ್ತಾರೆ. ಕಡಲ ನೀರು ಹೀಗೆ ಇಂಗುವಾಗ ಲವಣಗಳೆಲ್ಲ ಒಟ್ಟಿಗೆ ಹರಳುಗಟ್ಟುವುದಿಲ್ಲ, ಸರದಿಯಂತೆ ಇಳಿಯುತ್ತವೆ. ಮೊದಲು ಸುಣ್ಣದ ಕಾರ್ಬೊನೇಟು, ಆಮೇಲೆ ಜಿಪ್ಸಂ, ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ನಾವು ತಿನ್ನುವ ಉಪ್ಪು. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಬ್ರೋಮೈಡುಗಳಿರುತ್ತವೆ. ಉಪ್ಪು ಮಾಡುವವನು ಆ ಕಹಿನೀರನ್ನು ಹೊರಕ್ಕೆ ಬಿಟ್ಟುಬಿಡುತ್ತಾನೆ. ಇಲ್ಲದಿದ್ದರೆ ಉಪ್ಪಿಗೆ ರುಚಿ ಬಾರದು. ನಮ್ಮ ಊಟಕ್ಕೆ ಒಳ್ಳೆಯದಾದ ಈ ಕ್ರಮವೇ ಮೀನಿಗೆ ಕೊರತೆಯಾಗುತ್ತದೆ. ಹರಳುಪ್ಪು ಕಡಲಿನಿಂದ ಬಂದದ್ದು ನಿಜ. ಕಡಲಿನ ಪೂರ್ಣ ಪಾಕ ಅದರಲ್ಲಿಲ್ಲ. ಅಂಗಡಿಯ ಪುಡಿಯುಪ್ಪಿನಲ್ಲಾದರೋ ಅಯೋಡಿನ್ನಿನ ಜೊತೆಗೆ, ಗಂಟುಗಟ್ಟದಿರಲೆಂದು ಬೆರೆಸಿದ ಪದಾರ್ಥಗಳೂ ಇರುತ್ತವೆ.

ಮೀನಿಗೆ ಇದೆಲ್ಲ ಏಕೆ ಇಷ್ಟು ಮುಖ್ಯ? ಕಡಲಿನ ಮೀನಿನ ರಕ್ತದಲ್ಲಿರುವ ಲವಣ ಸುತ್ತಲಿನ ನೀರಿನದರ ಮೂರರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಅದರ ಮೈಯ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಲು ಅದು ಕಡಲನ್ನೇ ಕುಡಿಯುತ್ತದೆ. ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನೀರಿನ ನಡುವೆ ಇದ್ದೂ ಬಾಯಾರಿಕೆಯೊಡನೆ ಬಾಳುವ ಪ್ರಾಣಿಯದು. ನಮ್ಮ ಕೆರೆಯ ಮೀನಿನ ಪಾಡು ಇದಕ್ಕೆ ತೀರ ವಿರುದ್ಧ. ನಕ್ಷತ್ರಮೀನು, ಹವಳ ಮೊದಲಾದವುಗಳಿಗಂತೂ ಇಂಥ ಹೊಂದಾಣಿಕೆಯ ಶಕ್ತಿ ಬಲು ಕಡಿಮೆ; ನೀರು ಹೇಗೋ ಅವುಗಳ ಮೈಯೂ ಹಾಗೆ. ಗುಬ್ಬಿ ಕಂಪನಿಯ ಊರಿನವರಿಗೆ ಹೇಳಬೇಕಾಗಿಲ್ಲ: ರಂಗದ ಪರದೆಯ ಮೇಲೆ ಬರೆದ ಕಡಲು ನೋಡುವ ಕಣ್ಣಿಗೆ ಸಾಕು. ತೊಟ್ಟಿಯ ಕಡಲಾದರೋ ಅದರೊಳಗೆ ಉಸಿರಾಡುವವನಿಗೆ ಒಪ್ಪಿಗೆಯಾಗಬೇಕು.

ಕೃತಕ ಕಡಲನ್ನು ಮಾಡುವ ಯತ್ನ ಹಳೆಯದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಪ್ರದರ್ಶನಗೃಹ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್, ಮರುವರ್ಷ ಕೃತಕ ಕಡಲ ನೀರಿನ ಸೂತ್ರವೊಂದನ್ನು ಪ್ರಕಟಿಸಿದ. ಅಡುಗೆಯ ಉಪ್ಪು, ಎಪ್ಸಮ್ ಲವಣ, ಮೆಗ್ನೀಸಿಯಂ ಕ್ಲೋರೈಡು, ಪೊಟ್ಯಾಸಿಯಂ ಕ್ಲೋರೈಡು, ಹೀಗೆ ನಾಲ್ಕೇ ಪದಾರ್ಥಗಳು. ಸುಣ್ಣದ ಅಂಶವನ್ನು ಪ್ರತ್ಯೇಕವಾಗಿ ಸೇರಿಸಿರಲಿಲ್ಲ. ಇಂದಿನ ಸಿದ್ಧ ಮಿಶ್ರಣಗಳು ಆ ಸೂತ್ರದ ಮೊಮ್ಮಕ್ಕಳು. ಕ್ಯಾಲ್ಸಿಯಂ, ಬೈಕಾರ್ಬೊನೇಟುಗಳು ಅವುಗಳಲ್ಲಿ ಅಳತೆಯಂತೆ ಸೇರಿವೆ.

ಈಗ ಆಯ್ಕೆಯ ಮಾತು. ಬಗೆಬಗೆಯ ಹೆಸರುಗಳ ಡಬ್ಬಗಳಿದ್ದರೂ ಸ್ಥೂಲವಾಗಿ ಜಾತಿ ಎರಡೇ. ಒಂದು, ಸಹಜ ಕಡಲನ್ನು ಹೋಲುವ ಸಾಧಾರಣ ಮಿಶ್ರಣ. ಇನ್ನೊಂದು, ಹವಳಗಳು ತಮ್ಮ ಗೂಡನ್ನು ಕಟ್ಟಿಕೊಳ್ಳಲೆಂದು ಕ್ಯಾಲ್ಸಿಯಮ್ಮನ್ನೂ ಕ್ಷಾರಗುಣವನ್ನೂ ಹೆಚ್ಚಿಸಿದ ಮಿಶ್ರಣ. ಎರಡನೆಯದು ಬೆಲೆಯಲ್ಲಿ ಹೆಚ್ಚು; ಬೆಲೆ ಹೆಚ್ಚಾದ್ದರಿಂದ ಮೇಲೆಂದು ತಿಳಿಯಬಾರದು. ನಮ್ಮ ದೇಶದಲ್ಲಿ ಬಂಡೆಕಟ್ಟುವ ಹವಳಗಳಿಗೂ ಕಡಲ್ಗುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 2001ರಿಂದ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕಿತ್ತು ಮಾರುವುದು ಅಪರಾಧ. ಮೀನನ್ನಷ್ಟೇ ಸಾಕುವ ಮನೆಗೆ ಸಾಧಾರಣ ಮಿಶ್ರಣವೇ ಯೋಗ್ಯ. ಮೀನನ್ನು ಆರಿಸುವಾಗಲೂ ಮರಿಮಾಡಿ ಬೆಳೆಸಿದ್ದನ್ನೇ ಕೇಳಬೇಕು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ, ವಿಳಿಂಞಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ಸಿದ್ಧಿಸಿದೆ.

ಡಬ್ಬದ ಮೇಲೆ ನೋಡಬೇಕಾದ ಅಂಶಗಳು ಕೆಲವೇ. ಬೆರೆಸಿದ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ 400ರಿಂದ 420 ಮಿಲಿಗ್ರಾಂ, ಮೆಗ್ನೀಸಿಯಂ 1300ರ ಸುಮಾರು ಬರುವುದೇ? ನೈಟ್ರೇಟು, ಫಾಸ್ಫೇಟುಗಳು ಇಲ್ಲವೆಂದು ಹೇಳಿದೆಯೇ? ಡಬ್ಬ ಎಷ್ಟು ಕಿಲೋ ಎಂಬುದಕ್ಕಿಂತ ಎಷ್ಟು ಲೀಟರು ಕಡಲಾಗುತ್ತದೆ ಎಂಬ ಲೆಕ್ಕದಲ್ಲಿ ಬೆಲೆಯನ್ನು ಹೋಲಿಸಬೇಕು. ಮೆಗ್ನೀಸಿಯಂ ಕ್ಲೋರೈಡು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಆದ್ದರಿಂದ ಬಿಡಿಯಾಗಿ ಅಳೆದುಕೊಟ್ಟ ಉಪ್ಪಿಗಿಂತ ಮುದ್ರೆಯೊಡೆಯದ ಡಬ್ಬ ಲೇಸು. ಸಾಗಣೆಯಲ್ಲಿ ಸಣ್ಣ ಹರಳು ದೊಡ್ಡ ಹರಳು ಬೇರೆಬೇರೆಯಾಗುವುದರಿಂದ, ತೆರೆಯುವ ಮುನ್ನ ಡಬ್ಬವನ್ನು ಉರುಳಿಸಿ ಬೆರೆಸಬೇಕು.

ಒಳ್ಳೆಯ ಉಪ್ಪನ್ನೂ ಕೆಡಿಸಬಲ್ಲದ್ದು ನಮ್ಮ ನೀರು. ಕೊಳವೆಬಾವಿಯ ಗಡಸುನೀರು ಸ್ನಾನದ ಹಂಡೆಯ ತಳದಲ್ಲಿ ಬಿಳಿಯ ಕರೆಕಟ್ಟುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಆ ಸುಣ್ಣದ ಮೇಲೆ ಹವಳದ ಮಿಶ್ರಣವನ್ನೂ ಸುರಿದರೆ ನೀರು ಹಾಲಿನಂತಾಗಿ, ಬೇಕಾದ ಲವಣವೂ ತಳಕ್ಕಿಳಿಯುತ್ತದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ನಿರುತ್ತದೆ. ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಆದರೂ ಕುಡಿಯಲು ಯೋಗ್ಯವಾದ ನೀರು ಲವಣರಹಿತವೆಂದಲ್ಲ. ಕರಗಿದ ಲವಣವನ್ನು ತೋರಿಸುವ ಟಿ.ಡಿ.ಎಸ್. ಮೀಟರಿನಲ್ಲಿ ಅಂಕಿ ಸೊನ್ನೆಯ ಸಮೀಪವಿದ್ದಷ್ಟೂ ಕ್ಷೇಮ.

ಬೆರೆಸುವ ಕ್ರಮ ಸರಳ. ಪ್ಲಾಸ್ಟಿಕ್ ಬಕೀಟಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವಾಗಿ ಉಪ್ಪು. ಉಪ್ಪಿನ ಮೇಲೆ ನೀರು ಸುರಿಯಬಾರದು. ಮಿಶ್ರಣದಲ್ಲಿ ತೇವವಿರುವುದರಿಂದ ಲೀಟರಿಗೆ 36ರಿಂದ 38 ಗ್ರಾಂ ಬೇಕಾಗಬಹುದು; ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋಗೆ ಮೇಲೆ. ಸಣ್ಣ ಪಂಪಿನಿಂದ ಒಂದು ದಿನ ಕಲಕಿ, ಸಾಪೇಕ್ಷ ಸಾಂದ್ರತೆ 1.025ಕ್ಕೂ 1.026ಕ್ಕೂ ನಡುವೆ ನಿಂತಮೇಲೆ ಬಳಸಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ಕೆಲವು ವಾರಗಳು ಬೇಕು; ಅಲ್ಲಿಯವರೆಗೆ ಮೀನು ಬಿಡಲಾಗದು. ಬೇಸಗೆಯಲ್ಲಿ ತೊಟ್ಟಿಯ ನೀರು ಆರಿದಾಗ ಆವಿಯಾಗುವುದು ನೀರಷ್ಟೇ, ಉಪ್ಪು ಅಲ್ಲೇ ಉಳಿಯುತ್ತದೆ. ಆ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಒಗ್ಗಿದ ಮಿಶ್ರಣವನ್ನು ಪದೇ ಪದೇ ಬದಲಿಸುವುದೂ ಸಲ್ಲ.

ಕಡಲಿನಲ್ಲಿರುವ ಮೀನಿಗೆ ಒಂದೆಡೆ ನೀರು ಒಪ್ಪದಿದ್ದರೆ ಇನ್ನೊಂದೆಡೆಗೆ ಈಜಿಹೋಗುವ ಸ್ವಾತಂತ್ರ್ಯವಿದೆ. ಗಾಜಿನ ನಾಲ್ಕು ಗೋಡೆಗಳ ನಡುವೆ ಆ ಸ್ವಾತಂತ್ರ್ಯವನ್ನು ನಾವು ಕಸಿದುಕೊಂಡಿರುತ್ತೇವೆ. ಅದಕ್ಕೆ ಪ್ರತಿಯಾಗಿ ನಾವು ಸಲ್ಲಿಸಬಹುದಾದ ಋಣ ತಕ್ಕ ಉಪ್ಪು, ತಕ್ಕ ನೀರು, ತಪ್ಪದ ಅಳತೆ. ಇಷ್ಟನ್ನು ವಾರ ವಾರವೂ ನಡೆಸಿಕೊಂಡು ಹೋಗುವ ತಾಳ್ಮೆ ಇದ್ದವರು ಮಾತ್ರ ಕಡಲನ್ನು ಮನೆಗೆ ಕರೆಯಲಿ. ಇಲ್ಲದವರು ಕೆರೆಯ ಏರಿಯ ಮೇಲೆ ನಿಂತು ಅಲ್ಲಿನ ಮೀನನ್ನು ನೋಡಿ ಸಂತೋಷಪಡಲಿ. ಅದರಲ್ಲೂ ಕಡಿಮೆ ಸುಖವಿಲ್ಲ.