ದೀಪ ಆರಿದಾಗ ಲೆಕ್ಕ ಉಳಿಯುವುದು ಹೇಗೆ?

ವೈಶಾಖದ ಬಿರುಬಿಸಿಲು ಮುಗಿದು ಮೊದಲ ಗುಡುಗು ಕೇಳಿಬರುವ ದಿನಗಳಲ್ಲಿ ರಾಯಚೂರು ಸೀಮೆಯ ಬಯಲಿನಲ್ಲಿ ಬಿರುಗಾಳಿ ಏಳಲು ಹೊತ್ತು ಬೇಕಿಲ್ಲ. ಎಲ್ಲಿಯೋ ಒಂದು ತಂತಿ ಹರಿಯುತ್ತದೆ, ಒಂದು ಕಂಬ ಉರುಳುತ್ತದೆ. ಊರಿನ ದೀಪಗಳೆಲ್ಲ ಒಮ್ಮೆಗೇ ಆರಿಹೋಗುತ್ತವೆ. ಮನೆಯಲ್ಲಾದರೆ ಅದು ಬೀಸಣಿಗೆ ಹುಡುಕುವ ಸಮಯ. ಆದರೆ ಸಿಂಧನೂರಿನ ತಾಲ್ಲೂಕು ಕಚೇರಿಯಲ್ಲಿ ಅದೇ ಕ್ಷಣಕ್ಕೆ ಒಂದು ಹೊಲ ತಂದೆಯ ಹೆಸರಿನಿಂದ ಮಗನ ಹೆಸರಿಗೆ ಬದಲಾಗುತ್ತಿದೆ ಎಂದು ಭಾವಿಸೋಣ. ಹಳೆಯ ಹೆಸರು ಅಳಿದಿದೆ; ಹೊಸ ಹೆಸರು ಇನ್ನೂ ಮೂಡಿಲ್ಲ. ಹಾಗಾದರೆ ಆ ಹೊಲ ಯಾರದು?

ಪ್ರಸಂಗ ಕಲ್ಪಿತವಾದರೂ ಪ್ರಶ್ನೆ ಹಗುರವಾದದ್ದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವೆನಿಸಿಕೊಂಡ ಸಿಂಧನೂರಿನಲ್ಲಿ ಒಂದೊಂದು ಎಕರೆಯ ಮೇಲೂ ಒಂದೊಂದು ಸಂಸಾರ ನಿಂತಿರುತ್ತದೆ. ಬ್ಯಾಂಕಿನ ಸಾಲಕ್ಕೆ, ಬೆಳೆಹಾನಿಯ ಪರಿಹಾರಕ್ಕೆ, ಅಣ್ಣತಮ್ಮಂದಿರ ಪಾಲಿಗೆ ಪಹಣಿಯೇ ಆಧಾರ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯನ್ನು ಕೈಗೊಂಡು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ಮೊದಲು ತಾಲ್ಲೂಕು ಕಚೇರಿಗಳ ಯಂತ್ರಗಳಲ್ಲಿದ್ದ ಈ ದಾಖಲೆಗಳು ಅನಂತರ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿದವು. ಪುಸ್ತಕ ಎಲ್ಲಿಯೇ ಇರಲಿ, ಅದನ್ನು ತೆರೆದು ಹಿಡಿದಿರುವುದು ಮಾತ್ರ ವಿದ್ಯುತ್ತು.

ಸೋರುವ ಗಡಿಗೆ

ಕಂಪ್ಯೂಟರಿಗೆ ಎರಡು ಬಗೆಯ ನೆನಪುಂಟು. ಒಂದು, ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು. ಇದು ಕೋಟ್ಯಂತರ ಸೋರುವ ಗಡಿಗೆಗಳ ಸಾಲಿನಂತೆ; ಒಂದೊಂದರಲ್ಲಿಯೂ ಒಂದಿಷ್ಟು ವಿದ್ಯುದಂಶ ತುಂಬಿರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಯಂತ್ರವು ಅವನ್ನೆಲ್ಲ ಮತ್ತೆ ತುಂಬಬೇಕು. ತುಂಬುವ ಕೈ ನಿಂತಿತೆಂದರೆ ಬರೆದದ್ದೆಲ್ಲ ಬಯಲು. ಎರಡನೆಯದು ಡಿಸ್ಕಿನ ಶಾಶ್ವತ ನೆನಪು. ವಿದ್ಯುತ್ತು ಹೋದರೂ ಅದರ ಬರಹ ಅಳಿಯದು. ತಿರುಗುವ ಡಿಸ್ಕಂತೂ ವಿದ್ಯುತ್ತು ಕೈಕೊಟ್ಟಾಗ ತನ್ನ ತಿರುಗಾಟದ ಉಳಿದ ವೇಗದಿಂದಲೇ ಒಂದಿಷ್ಟು ಶಕ್ತಿ ಪಡೆದು, ಓದುಬರಹದ ಮುಳ್ಳನ್ನು ಸುರಕ್ಷಿತ ಸ್ಥಳಕ್ಕೆ ಸರಿಸಿಕೊಳ್ಳುತ್ತದೆ.

ಹಿಂದಿನ ಯಂತ್ರಗಳಲ್ಲಿ ಕೆಲಸದ ನೆನಪೂ ಇಷ್ಟು ಮರೆಗುಳಿಯಾಗಿರಲಿಲ್ಲ. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿದ ‘ಟಿಫ್ರ್ಯಾಕ್’ ಯಂತ್ರದ ನೆನಪು ಕಾಂತೀಯ ಉಂಗುರಗಳಿಂದಾದದ್ದು. ಅಂಥ ಉಂಗುರಗಳು ವಿದ್ಯುತ್ತಿಲ್ಲದೆಯೂ ತಮ್ಮ ಗುರುತನ್ನು ಹಿಡಿದಿಡಬಲ್ಲವು. ವೇಗ ಹೆಚ್ಚಿ ಬೆಲೆ ಇಳಿದಂತೆ ಆ ಗುಣ ಕೈಬಿಟ್ಟುಹೋಯಿತು.

ಮೊದಲ ಕಾವಲು ಬ್ಯಾಟರಿಯದು. ಯುಪಿಎಸ್ ಎಂಬ ಪೆಟ್ಟಿಗೆಯು ವಿದ್ಯುತ್ತು ಹೋದೊಡನೆ ತನ್ನ ಬ್ಯಾಟರಿಯಿಂದ ಯಂತ್ರವನ್ನು ನಡೆಸುತ್ತದೆ. ಅದು ದಿನವಿಡೀ ದುಡಿಯಲೆಂದು ಇಟ್ಟದ್ದಲ್ಲ. ಕೈಯಲ್ಲಿರುವ ಕೆಲಸ ಮುಗಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಕೆಲವು ನಿಮಿಷಗಳ ಅವಕಾಶ ಕೊಡುವುದೇ ಅದರ ಧರ್ಮ. ಬ್ಯಾಟರಿಗೆ ಸೆಕೆಯೇ ಶತ್ರು. ಸುತ್ತಲಿನ ಉಷ್ಣತೆ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಬಲ್ಲವರ ಲೆಕ್ಕ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಲಿಂಗಸುಗೂರು, ಮಸ್ಕಿಗಳಲ್ಲಿ ಕಿಟಕಿಯಿಲ್ಲದ ಮೂಲೆಗೆ ತಳ್ಳಿದ ಯುಪಿಎಸ್ ಹಸಿರು ದೀಪ ತೋರಿಸುತ್ತಲೇ ಒಳಗೆ ಸತ್ತಿರಬಹುದು. ಆಗಾಗ ಪರೀಕ್ಷಿಸುವುದೊಂದೇ ದಾರಿ.

ಕಿರ್ದಿ ಮೊದಲು, ಖಾತೆ ಆಮೇಲೆ

ಬ್ಯಾಟರಿಯೂ ಕೈಕೊಟ್ಟರೆ? ಈ ಪ್ರಶ್ನೆಗೆ ಗಣಕಶಾಸ್ತ್ರಜ್ಞರು ಕಂಡುಕೊಂಡ ಉತ್ತರವನ್ನು ನಮ್ಮ ದಲಾಲಿ ಅಂಗಡಿಯ ಗುಮಾಸ್ತನು ಕೂಡಲೇ ಗುರುತಿಸಿಯಾನು. ಆತ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುತ್ತಾನೆ. ಅನಂತರವೇ ಅದನ್ನು ಆಯಾ ಗಿರಾಕಿಯ ಖಾತೆಗೆ ಎತ್ತುತ್ತಾನೆ. ನಡುವೆ ದೀಪ ಆರಿದರೂ ಕಿರ್ದಿ ನೋಡಿ ಖಾತೆಯನ್ನು ಸರಿಪಡಿಸಬಹುದು. ಕಂಪ್ಯೂಟರಿನ ದಾಖಲೆ ವ್ಯವಸ್ಥೆಯೂ ಹೀಗೆಯೇ. ‘ತಂದೆಯ ಹೆಸರು ತೆಗೆಯಬೇಕು, ಮಗನ ಹೆಸರು ಸೇರಿಸಬೇಕು’ ಎಂಬುದನ್ನು ಡಿಸ್ಕಿನ ಒಂದು ದಿನಚರಿಯಲ್ಲಿ ಮೊದಲು ಬರೆದು, ಕೊನೆಯಲ್ಲಿ ‘ಪೂರ್ಣವಾಯಿತು’ ಎಂಬ ಗುರುತು ಹಾಕುತ್ತದೆ.

ವಿದ್ಯುತ್ತು ಮರಳಿದಾಗ ಯಂತ್ರವು ಮಾಡುವ ಮೊದಲ ಕೆಲಸ ಈ ದಿನಚರಿಯನ್ನು ಓದುವುದು. ‘ಪೂರ್ಣ’ ಎಂಬ ಗುರುತಿದ್ದರೆ ಖಾತೆಯಲ್ಲಿ ಉಳಿದುಹೋದದ್ದನ್ನು ಬರೆದು ಮುಗಿಸುತ್ತದೆ. ಗುರುತಿಲ್ಲದಿದ್ದರೆ ಅರೆಬರೆ ಮಾಡಿದ್ದನ್ನು ಅಳಿಸಿ ಮೊದಲಿನಂತೆ ಮಾಡುತ್ತದೆ. ಆದುದರಿಂದ ಆ ಹೊಲ ತಂದೆಯದಾಗಿರುತ್ತದೆ, ಇಲ್ಲವೇ ಮಗನದಾಗಿರುತ್ತದೆ. ಯಾರದೂ ಅಲ್ಲದ ಹೊಲವಾಗದು. 1970ರ ದಶಕದಲ್ಲಿ ಐಬಿಎಂ ಸಂಸ್ಥೆಯ ಜಿಮ್ ಗ್ರೇ ಮತ್ತು ಅವರ ಸಂಗಡಿಗರು ಇಂಥ ನಿಯಮಗಳಿಗೆ ಶಾಸ್ತ್ರದ ರೂಪ ಕೊಟ್ಟರು. 1998ರಲ್ಲಿ ಗ್ರೇ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಇಲ್ಲಿಯೂ ಒಂದು ತೊಡಕುಂಟು. ವೇಗದ ಆಸೆಗೆ ಕೆಲವು ಡಿಸ್ಕುಗಳು ಬರಹವನ್ನು ತಮ್ಮದೇ ಪುಟ್ಟ ತಾತ್ಕಾಲಿಕ ನೆನಪಿನಲ್ಲಿರಿಸಿಕೊಂಡು, ‘ಬರೆದಾಯಿತು’ ಎಂದು ಮುಂಚಿತವಾಗಿಯೇ ಹೇಳಿಬಿಡುತ್ತವೆ. ಆ ಗಳಿಗೆಯಲ್ಲಿ ವಿದ್ಯುತ್ತು ಹೋದರೆ ಕಿರ್ದಿಯೇ ಅಪೂರ್ಣ. ಅದಕ್ಕಾಗಿಯೇ ದೊಡ್ಡ ಕೇಂದ್ರಗಳ ಡಿಸ್ಕುಗಳಲ್ಲಿ, ಬಾಕಿ ಬರಹವನ್ನು ಮುಗಿಸುವಷ್ಟು ಶಕ್ತಿ ಕೂಡಿಡುವ ಕೆಪ್ಯಾಸಿಟರುಗಳನ್ನು ಅಳವಡಿಸುತ್ತಾರೆ. ಯಂತ್ರ ಎಷ್ಟೇ ಜಾಣನಾಗಿರಲಿ, ದೀಪ ಬಂದ ಮೇಲೆ ಕೆಲಸ ನಿಜವಾಗಿ ಮುಗಿದಿದೆಯೇ ಎಂದು ಮತ್ತೊಮ್ಮೆ ನೋಡುವ ಹೊಣೆ ಗುಮಾಸ್ತನಿಗೂ ಪಹಣಿಯ ಒಡೆಯನಿಗೂ ಇದ್ದೇ ಇದೆ.

ಮಸ್ಕಿಯ ಪಾಠ

ಡಿಸ್ಕೇ ಸುಟ್ಟುಹೋದರೆ ಕಿರ್ದಿಯೂ ಇಲ್ಲ, ಖಾತೆಯೂ ಇಲ್ಲ. ಆಗ ಕಾಯುವುದು ಪ್ರತಿಯೊಂದೇ. ಈ ಮಾತಿಗೆ ಸಾಕ್ಷಿ ಹುಡುಕುವವರು ಮಸ್ಕಿಯ ಗುಡ್ಡಕ್ಕೆ ಹೋಗಬೇಕು. ಬಂಗಾರದ ನಿಕ್ಷೇಪ ಅರಸಿ ಬಂದ ಬೀಡನ್ ಎಂಬ ಎಂಜಿನಿಯರು 1915ರಲ್ಲಿ ಅಲ್ಲಿ ಕಂಡ ಬಂಡೆಬರಹದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇತ್ತು. ಶಾಸನಗಳ ದೊರೆ ಯಾರೆಂಬುದನ್ನು ಅದು ದೃಢಪಡಿಸಿತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿದ ಆ ಬರಹದಲ್ಲಿಯೂ ಹಲವು ಅಕ್ಷರಗಳು ಸವೆದುಹೋಗಿವೆ. ಆದರೆ ಅರಸನು ಒಂದೇ ಬಂಡೆಯನ್ನು ನಂಬಿ ಕೂರಲಿಲ್ಲ. ಅದೇ ಧರ್ಮಲಿಪಿಯನ್ನು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಇನ್ನೂ ಎಷ್ಟೋ ಕಡೆಗಳಲ್ಲಿ ಕೆತ್ತಿಸಿದನು. ಮಸ್ಕಿಯಲ್ಲಿ ಅಳಿದುದನ್ನು ವಿದ್ವಾಂಸರು ಈ ಪ್ರತಿಗಳೊಡನೆ ಹೋಲಿಸಿ ಓದಿಕೊಂಡರು.

ಮನೆಯ ಲೆಕ್ಕಕ್ಕೂ ಮದುವೆಯ ಚಿತ್ರಗಳಿಗೂ ಇದೇ ನೀತಿ. ಒಂದು ಪ್ರತಿ ಯಂತ್ರದಲ್ಲಿರಲಿ, ಒಂದು ಬೇರೆ ಡಿಸ್ಕಿನಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರಲಿ. ವರ್ಷಕ್ಕೆ ಒಂದೆರಡು ಸಲವಾದರೂ ಆ ಪ್ರತಿಗಳನ್ನು ತೆರೆದು ಓದಿನೋಡಬೇಕು. ಓದಲಾಗದ ಪ್ರತಿ ಇದ್ದೂ ಇಲ್ಲದಂತೆ.