ಸ್ಕ್ಯಾಂಡಿನೇವಿಯಾದ ಸ್ನಾನಚಿತ್ರಗಳು

ಯೂರೋಪಿನ ಚಿತ್ರಕಲೆಯಲ್ಲಿ ನಗ್ನದೇಹಕ್ಕೆ ಬಹುಕಾಲ ಪುರಾಣದ ಆಶ್ರಯ ಬೇಕಾಗಿತ್ತು. ಮೀಯುವ ಹೆಣ್ಣು ವೀನಸ್ ದೇವಿಯೋ ಡಯಾನಾ ದೇವಿಯೋ ಆಗಿದ್ದರೆ ಅವಳ ನಗ್ನತೆಗೆ ಸಭ್ಯಸಮಾಜದ ಒಪ್ಪಿಗೆ ಸುಲಭವಾಗಿ ದೊರೆಯುತ್ತಿತ್ತು. ಅವಳು ನೆರೆಮನೆಯ ಹೆಣ್ಣಾದರೆ ಆಕ್ಷೇಪಣೆ ಏಳುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಸ್ವೀಡನ್ ಮತ್ತು ನಾರ್ವೆ ದೇಶಗಳ ಕೆಲವು ಚಿತ್ರಕಾರರು ಈ ಆಶ್ರಯವನ್ನು ತೊರೆದರು. ದೀರ್ಘವಾದ ಚಳಿಗಾಲ, ಅಲ್ಪವಾದ ಬೇಸಗೆಗಳ ಆ ನಾಡುಗಳಲ್ಲಿ ಬಿಸಿಲಿಗೆ ಮೈಯೊಡ್ಡುವುದೇ ಒಂದು ಹಬ್ಬ. ಆ ಹಬ್ಬವೇ ಚಿತ್ರಕ್ಕೆ ಸಾಕಾದ ವಸ್ತುವೆಂದು ಅವರು ಬಗೆದರು.

ಸ್ವೀಡನ್ನಿನ ಆಂಡರ್ಸ್ ಸೋರ್ನ್ (1860–1920) 1888ರಲ್ಲಿ ರಚಿಸಿದ ‘ಹೊರಗೆ’ ಎಂಬ ತೈಲಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ನೀರಿನಂಚಿನ ಬಂಡೆಗಳ ಮೇಲೆ ಮೂವರು ನಗ್ನಸ್ತ್ರೀಯರಿದ್ದಾರೆ; ಅವರ ಸುತ್ತ ಪುರಾಣದ ಗುರುತು ಒಂದೂ ಇಲ್ಲ. ಬಂಡೆ, ನೀರು, ಮೈ—ಮೂರೂ ಒಂದೇ ಬೆಳಕಿನಲ್ಲಿ ತೊಯ್ದಿವೆ. ಆದರೂ ಇಲ್ಲಿ ಹೆಣ್ಣಿನ ದೇಹ ಇನ್ನೂ ನೋಡುವವರ ಕಣ್ಣಿಗೆ ಹಬ್ಬವಾಗಿಯೇ ಉಳಿದಿದೆಯೆಂಬುದನ್ನು ಮರೆಯುವಂತಿಲ್ಲ.

ಮುಂದಿನ ಹೆಜ್ಜೆಯನ್ನು ಇಟ್ಟವನು ಯೂಜೇನ್ ಯಾನ್ಸನ್ (1862–1915). ಸ್ಟಾಕ್‌ಹೋಮ್ ನಗರದ ಇರುಳನ್ನು ನೀಲವರ್ಣದಲ್ಲಿ ಚಿತ್ರಿಸಿ ಹೆಸರಾಗಿದ್ದ ಈತ 1904ರ ಸುಮಾರಿಗೆ ಆ ಮಾರ್ಗವನ್ನು ಬಿಟ್ಟನು. ಬಾಲ್ಯದಿಂದ ಅಸ್ವಸ್ಥನಾಗಿದ್ದು, ದೇಹದಾರ್ಢ್ಯಕ್ಕಾಗಿ ಈಜನ್ನೂ ಚಳಿಗಾಲದ ತಣ್ಣೀರ ಸ್ನಾನವನ್ನೂ ಕೈಕೊಂಡಿದ್ದನು. 1907ರ ‘ನೌಕಾಪಡೆಯ ಸ್ನಾನಗೃಹ’ದಲ್ಲಿ ಮೀಯುವವರೆಲ್ಲ ಗಂಡಸರು, ಹೆಣ್ಣಿಗೇ ಮೀಸಲಾದಂತಿದ್ದ ವಸ್ತು ಇಲ್ಲಿ ದಿಕ್ಕು ಬದಲಿಸಿತು.

ಅದೇ ಕಾಲದಲ್ಲಿ ನಾರ್ವೆಯ ಎಡ್ವರ್ಡ್ ಮುಂಕ್ (1863–1944) ಜರ್ಮನಿಯ ವಾರ್ನೆಮ್ಯುಂಡೆ ಕಡಲತೀರದಲ್ಲಿ ‘ಮೀಯುವ ಗಂಡಸರು’ ಎಂಬ ಬೃಹತ್ ಚಿತ್ರವನ್ನು (1907–08) ಬರೆದನು. ನೀರಿನಿಂದ ಮೇಲೆದ್ದ ಬಲಿಷ್ಠರು ನೋಡುವವರ ಕಡೆಗೇ ನಡೆದು ಬರುತ್ತಾರೆ. ಯೌವನ, ವೃದ್ಧಾಪ್ಯಗಳ ಚಿತ್ರಗಳನ್ನು ಇಕ್ಕೆಲಗಳಲ್ಲಿರಿಸಿ ಇದನ್ನು ನಡುವಯಸ್ಸಿನ ಪ್ರತೀಕವಾಗಿ ಆತ ಯೋಜಿಸಿದನು. 1911ರಲ್ಲಿ ಇದು ಹೆಲ್ಸಿಂಕಿಯ ಅಟೆನೆಯಮ್ ಕಲಾಸಂಗ್ರಹಾಲಯವನ್ನು ಸೇರಿತು.

ಆದರೆ ಈ ಚಿತ್ರವನ್ನು ಬರೆದ ಕೈ ಬಲಿಷ್ಠನದಾಗಿರಲಿಲ್ಲ. ಮದ್ಯಪಾನದಿಂದಲೂ ಮನಃಕ್ಲೇಶದಿಂದಲೂ ಜರ್ಜರಿತನಾದ ಮುಂಕ್ 1908ರ ಶರತ್ಕಾಲದಲ್ಲಿ ಕೋಪನ್‌ಹೇಗನ್ನಿನ ಚಿಕಿತ್ಸಾಲಯವನ್ನು ಸೇರಬೇಕಾಯಿತು. ಯಾನ್ಸನ್ ಕೂಡ ರೋಗವನ್ನು ಬಲ್ಲವನೇ. ಇದನ್ನು ನೆನೆದಾಗ ಆ ಬಿಸಿಲು, ಆ ಮೈಕಟ್ಟು ಕಣ್ಣಿಗೆ ಬೇರೆಯಾಗಿ ತೋರುತ್ತವೆ. ಸೋರ್ನನ ಚಿತ್ರದಲ್ಲಿ ದೇಹ ಬೆಳಕಿನ ಸಂತೋಷ; ಈ ಇಬ್ಬರ ಚಿತ್ರಗಳಲ್ಲಿ ಅದು ಆರೋಗ್ಯದ ಹಂಬಲವೂ ಹೌದು. ದೇವತೆಗಳ ಹೆಸರನ್ನು ಕಳಚಿಟ್ಟ ನಗ್ನದೇಹ ಹೀಗೆ ಮನುಷ್ಯನ ಸುಖದುಃಖಗಳಿಗೆ ಹತ್ತಿರವಾಯಿತು.