ಹಳೆಯ ಟ್ರೊಂಬೋನ್ ಕೊಂಡಿರಾ? ಊದುವ ಮೊದಲು ಒಳಗೆ ತೊಳೆಯಿರಿ

ಹಿತ್ತಾಳೆ ತಾನಾಗಿಯೇ ರೋಗಾಣುಗಳನ್ನು ಕೊಲ್ಲುತ್ತದೆ, ಆದ್ದರಿಂದ ಹಳೆಯ ಟ್ರೊಂಬೋನ್‌ಗೆ ಹೊರಗಿನಿಂದ ಪಾಲಿಶ್ ಹಾಕಿದರೆ ಸಾಕು ಎಂದು ನಂಬುವವರಿದ್ದಾರೆ. ಇದು ನಿಜವೇ?

ಅರ್ಧ ಮಾತ್ರ ನಿಜ. ಹಿತ್ತಾಳೆಯಲ್ಲಿರುವ ತಾಮ್ರದಿಂದಾಗಿ ಅದರ ಸ್ವಚ್ಛ ಮೇಲ್ಮೈಯಲ್ಲಿ ಅನೇಕ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಆದರೆ ಕೊಳವೆಯೊಳಗೆ ಎಂಜಲು, ಎಣ್ಣೆ, ಧೂಳು ಸೇರಿ ಲೋಳೆಯ ಪದರ ಕಟ್ಟುತ್ತದೆ. ಅದರ ಮೇಲೆ ಬೆಳೆಯುವ ಕ್ರಿಮಿಗಳಿಗೆ ಲೋಹ ತಾಗುವುದೇ ಇಲ್ಲ.

ಅಮೆರಿಕದ ಟ್ರೊಂಬೋನ್ ವಾದಕರೊಬ್ಬರಿಗೆ 15 ವರ್ಷ ಕೆಮ್ಮು ಬಿಟ್ಟಿರಲಿಲ್ಲ. ಅವರ ವಾದ್ಯದೊಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರ ಎರಡೂ ಸಿಕ್ಕವು. ಅವುಗಳನ್ನು ಉಸಿರಿನೊಂದಿಗೆ ಎಳೆದುಕೊಂಡದ್ದರಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಆಗಿರಬೇಕೆಂದು ವೈದ್ಯರು 2010ರಲ್ಲಿ ‘ಚೆಸ್ಟ್’ ಪತ್ರಿಕೆಯಲ್ಲಿ ಬರೆದರು. ವಾದ್ಯ ಸ್ವಚ್ಛ ಮಾಡತೊಡಗಿದ ಮೇಲೆ ಕೆಮ್ಮು ನಿಂತಿತು. ಇಂಥ ಪ್ರಕರಣ ಅಪರೂಪ, ಆದರೆ ತಡೆಯುವುದು ಸುಲಭ.

ಏನು ಮಾಡಬೇಕು?

• ಕೊಳ್ಳುವಾಗ ಸ್ಲೈಡ್ ಸಲೀಸಾಗಿ ಜಾರುತ್ತದೆಯೇ ನೋಡಿ. ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ ಅಲ್ಲಿ ಸತು ಕರಗಿಹೋಗಿ ಲೋಹ ದುರ್ಬಲವಾಗಿರಬಹುದು. ಪಾಲಿಶ್ ಅದನ್ನು ಸರಿಪಡಿಸುವುದಿಲ್ಲ.
• ಬಿಡಿಭಾಗಗಳನ್ನು ಬೇರ್ಪಡಿಸಿ, ಉಗುರುಬೆಚ್ಚಗಿನ ನೀರು ಮತ್ತು ಸ್ವಲ್ಪ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ಕುದಿಯುವ ನೀರು ಬೇಡ, ಮೇಲಿನ ಲ್ಯಾಕರ್ ಏಳಬಹುದು.
• ಕೊಳವೆಯೊಳಗೆ ಬಳುಕುವ ಉದ್ದ ಬ್ರಷ್ ಆಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಸ್ಲೈಡ್‌ಗೆ ಅದರದೇ ಎಣ್ಣೆ ಹಾಕಿ.
• ದೇವರ ದೀಪಕ್ಕೆ ಉಜ್ಜುವಂತೆ ಹುಣಸೆಹಣ್ಣು ಉಜ್ಜಬೇಡಿ.
• ತಗ್ಗು ಬಿದ್ದ ಸ್ಲೈಡನ್ನು ನೀವೇ ಬಡಿಯದೆ ರಿಪೇರಿಯವರಿಗೆ ಕೊಡಿ.

ವಾರಗಟ್ಟಲೆ ಕೆಮ್ಮು ಇದ್ದರೆ, ವಾದ್ಯ ಊದುವ ವಿಷಯವನ್ನೂ ವೈದ್ಯರಿಗೆ ತಿಳಿಸಿ. ನಿಮ್ಮ ಬಳಗದಲ್ಲಿ ಬ್ಯಾಂಡ್ ನುಡಿಸುವವರಿದ್ದರೆ ಇದನ್ನು ಅವರಿಗೂ ಕಳಿಸಿ.